ಡೇಗೆಯ ಕಾಲಿನ ವಾರು

“ಅಜ್ಜಾ, ಹಿರೇಕೆರೆ ಸಂತೆಗೆ ದಾರಿ ಯಾವುದು? ಬೆಳಗಿನಿಂದ ಈ ಜಾಲಿ ಮೆಳೆಯೊಳಗೆ ಗಾಣದೆತ್ತಿನ ಹಾಗೆ ಸುತ್ತುತ್ತಿದ್ದೀನಿ.”

ಕೇಳಿದವಳು ಈಚಲು ಚಾಪೆ ಮಾರುವ ಬೋರಕ್ಕ. ಒಂದೂರಿನಲ್ಲಿ ಮೂರು ದಿನ ನಿಂತರೆ ಉಸಿರು ಕಟ್ಟುವ ಹೆಂಗಸು. ಆಕಾಶ ನೋಡುತ್ತ ನಿಂತಿದ್ದ ಮುದುಕ ಜಟ್ಟಪ್ಪ, ಪಾಳೆಯಗಾರನ ಬೇಟೆಯ ಡೇಗೆಗಳನ್ನು, ಎಂದರೆ ಗಿಡುಗಗಳನ್ನು, ಪಳಗಿಸುವವನು. ಹಕ್ಕಿ ಕೂರಲೆಂದು ಮುಂಗೈಗೆ ದಪ್ಪ ತೊಗಲು ಸುತ್ತಿಕೊಂಡಿದ್ದ.

“ಎಡಕ್ಕೆ ಹೋಗಿ ಹುತ್ತದ ಹತ್ತಿರ ಬಲಕ್ಕೆ ತಿರುಗು. ದಾರಿ ಹೇಳಿದ್ದಕ್ಕೆ ಒಂದು ಉಪಕಾರ ಮಾಡು ತಾಯಿ. ನಮ್ಮ ಡೇಗೆ ನಿನ್ನೆ ಹಾರಿಹೋಯ್ತು. ಅದಕ್ಕೆ ಕಟ್ಟಿರೋ ಗೆಜ್ಜೆ ಸದ್ದು ಕೇಳಿದರೆ ಅಲ್ಲೇ ನಿಂತು ಒಂದು ಕೂಗು ಹಾಕು. ಅದರ ಕಾಲಿನ ವಾರು...”

“ಕೂಗು ತಾನೆ? ಹಾಕ್ತೀನಿ, ಮಾತು ಕೊಟ್ಟೆ. ಉಳಿದದ್ದು ಬಿಡಜ್ಜ, ಏಳು ಕೆರೆ ನೀರು ಕುಡಿದವಳು ನಾನು!”

ಮುದುಕನ ಮಾತು ಬಾಯಲ್ಲೇ ಉಳಿಯಿತು. ಬೋರಕ್ಕ ಆಗಲೇ ಎಡಕ್ಕೆ ತಿರುಗಿದ್ದಳು.

ಹುತ್ತ ದಾಟುತ್ತಲೇ ಗೆಜ್ಜೆ ಕೇಳಿಸಿತು. ಕಾಲಿನ ತೊಗಲ ವಾರು ಜಾಲಿಮುಳ್ಳಿಗೆ ಸಿಕ್ಕಿ ಡೇಗೆ ತಲೆಕೆಳಗಾಗಿ ಒದ್ದಾಡುತ್ತಿತ್ತು. ಕೂಗಲು ಬಾಯಿ ತೆರೆದವಳು ಮುಚ್ಚಿದಳು. ‘ಓಡಿಬಂದದ್ದನ್ನು ಮತ್ತೆ ಆ ಮುದುಕನ ಕೈಗೆ ಕಟ್ಟಿಸಲೇ?’ ಸೆರಗು ಹೊದಿಸಿ, ಕೈಯೆಲ್ಲ ಗೀರಿಸಿಕೊಂಡು ಮುಳ್ಳಿನಿಂದ ಬಿಡಿಸಿದಳು.

“ಹೋಗು ಮಗಳೇ, ತಿರುಗಿ ನೋಡಬೇಡ.”

ಗೆಜ್ಜೆ ಆಡಿಸುತ್ತ, ವಾರು ಎಳೆದುಕೊಂಡು ಅದು ಹಾರಿತು. ಸಂತೆಯಲ್ಲಿ ನಾಲ್ಕು ಚಾಪೆ ಮಾರುವಷ್ಟರಲ್ಲಿ ಬೋರಕ್ಕ ಈ ಕಥೆಯನ್ನು ಹತ್ತು ಸಲ ಹೇಳಿದಳು. ಕೇಳಿದವರೆಲ್ಲ ಹೊಗಳಿದರು.

ಮೂರನೆಯ ದಿನ ಮರಳುವಾಗ ಮತ್ತೆ ಗೆಜ್ಜೆ ಕೇಳಿಸಿತು. ಈ ಸಲ ಆಡಿಸುತ್ತಿದ್ದದ್ದು ಗಾಳಿ. ವಾರು ಬನ್ನಿಮರದ ಕೊಂಬೆಗೆ ಸುತ್ತಿಕೊಂಡಿತ್ತು. ಹಕ್ಕಿಯ ಕಣ್ಣಿಗೆ ಇರುವೆ ಮುತ್ತಿತ್ತು.

ಯಾರೂ ನೋಡಿರಲಿಲ್ಲ. ಸುಮ್ಮನೆ ದಾಟಿಹೋಗಬಹುದಿತ್ತು. ಆದರೆ ಕೊಟ್ಟ ಮಾತಿನ ಕೂಗೊಂದು ಗಂಟಲಲ್ಲಿ ಬಾಕಿ ಇತ್ತು. ಅದನ್ನು ಹಾಕಿದಳು.

ಜಟ್ಟಪ್ಪ ಎದ್ದೂಬಿದ್ದೂ ಓಡಿಬಂದ. ಕೈಯಲ್ಲಿ ಸಣ್ಣ ಚೂರಿ ಹಿಡಿದಿದ್ದ. ಕೊಂಬೆಗೆ ಸುತ್ತಿದ್ದ ವಾರನ್ನು ಹಿಡಿದು ನಿಂತ.

“ಮೂರು ವರ್ಷ ಬೇಟೆಯಾಡಿದ್ದನ್ನು ಕಾಡಿಗೆ ಬಿಡೋದು ನಮ್ಮ ಪದ್ಧತಿ ತಾಯಿ. ಇವಳ ವಾರು ಕೊಯ್ಯೋ ದಿನ ಬಂದೇಬಿಟ್ಟಿತ್ತು, ಒಂದು ದಿನ ಮೊದಲೇ ಹಾರಿಬಿಟ್ಟಳು. ನಾನು ಹುಡುಕ್ತಿದ್ದದ್ದು ಹಿಡಿಯೋಕಲ್ಲ, ಇದನ್ನ ಕೊಯ್ಯೋಕೆ.”

“ನನಗೆ ಅವತ್ತೇ ಸಿಕ್ಕಿತ್ತು ಅಜ್ಜ. ಮುಳ್ಳಿಂದ ಬಿಡಿಸಿ ಹಾರಿಸಿದವಳು ನಾನೇ.”

ಮುದುಕ ಬೈಯಲಿಲ್ಲ. ಅವಳ ಸೊಂಟದ ಕಡೆ ನೋಡಿದ. “ಅದೇನು, ಸಿಕ್ಕಿಸಿಕೊಂಡಿರೋದು?”

“ಚಾಪೆಗೆ ಈಚಲು ಗರಿ ಸೀಳೋ ಚೂರಿ” ಎಂದಳು ಬೋರಕ್ಕ.

ನೀತಿ: ಕಟ್ಟು ಕೊಯ್ಯದೆ ಹಾರಬಿಟ್ಟರೆ ಅದು ಬಿಡುಗಡೆಯಲ್ಲ. ಎದುರಿನವರ ಮಾತು ಮುಗಿಯುವವರೆಗೂ ತಾಳಲಾರದ ಕರುಣೆ ನಮಗೆ ಹೊಗಳಿಕೆ ತರುತ್ತದೆ. ಅದರ ಬೆಲೆ ತೆರುವವರು ಬೇರೆ.