ಎಲೆಕ್ಟ್ರಾನಿನ ಬಯಲು

"ಇನ್ನಷ್ಟು ಬಲ ಹಾಕಿದರೆ ಎಲೆಕ್ಟ್ರಾನು ಯಾಕೆ ಸಿಗುವುದಿಲ್ಲ, ಗುರುಗಳೇ?" ಎಂದು ಶಿಷ್ಯ ಕೇಳಿದ.

ಕೇಳುವ ಮೊದಲು ಅವನು ಸ್ಲೇಟಿನ ಮೇಲೆ ಲೆಕ್ಕ ಮುಗಿಸಿದ್ದ. ಪ್ಲಾಂಕ್ ಸ್ಥಿರಾಂಕವನ್ನು ಮೇಲೆ ಬರೆದಿದ್ದ. ಸುಮ್ಮನೆ ಕೂತಿರುವ ಎಲೆಕ್ಟ್ರಾನಿನ ದ್ರವ್ಯರಾಶಿಯನ್ನು ಬೆಳಕಿನ ವೇಗದಿಂದ ಗುಣಿಸಿ ಕೆಳಗೆ ಬರೆದಿದ್ದ. ಭಾಗಿಸಿದಾಗ ಒಂದು ಅಲೆಯ ಉದ್ದ ಬಂತು. ಮೀಟರನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಎರಡೂವರೆ ಪಾಲಿಗೂ ತುಸು ಕಡಿಮೆ. ಪ್ರೋಟಾನಿಗೂ ಹಾಗೆಯೇ ಮಾಡಿ ನೋಡಿದ. ಅದು ಭಾರದ್ದು, ಅದರ ಉದ್ದ ಇನ್ನೂ ಎಷ್ಟೋ ಗಿಡ್ಡ. ಇಲ್ಲಿಯವರೆಗೆ ಅವನಿಗೆ ತಕರಾರಿರಲಿಲ್ಲ. ಆದರೆ ಈ ಉದ್ದಕ್ಕಿಂತ ಇಕ್ಕಟ್ಟಾದ ಜಾಗದಲ್ಲಿ ಆ ಒಂದು ಕಣವನ್ನು ಹಿಡಿದು ಕೂರಿಸಲು ಯಾರಿಂದಲೂ ಆಗದು ಎಂದು ಗುರು ಹೇಳಿದ್ದರಲ್ಲ, ಆ ಮಾತು ಅವನ ಗಂಟಲಲ್ಲಿ ಇಳಿಯಲಿಲ್ಲ.

"ಆಗದು ಅನ್ನೋದನ್ನ ಕೇಳಿ ಕೇಳಿಯೇ ನಾನು ಶಾಲೆ ಬಿಟ್ಟಿದ್ದು," ಎಂದ. "ಬಲೆ ಸಣ್ಣದು ಮಾಡ್ತೀನಿ. ಬಲ ಜಾಸ್ತಿ ಮಾಡ್ತೀನಿ. ಹೇಗೆ ತಪ್ಪಿಸಿಕೊಳ್ಳುತ್ತೆ, ನೋಡೇ ಬಿಡೋಣ."

"ಕೂತ್ಕೋ," ಎಂದರು ಗುರು. ಅವನು ಕೂರಲಿಲ್ಲ. ಗುರು ಕತೆ ಶುರುಮಾಡಿದರು.

ಒಂದು ಕೋಟೆಗೆ ಒಬ್ಬ ದಳವಾಯಿ. ಡಂಗುರ ಬಾರಿಸಿದ ಕೂಡಲೇ ಸೀಮೆಯ ಪ್ರತಿಯೊಬ್ಬನೂ ತನ್ನ ತನ್ನ ಜಾಗದಲ್ಲಿ ಕಾಣಬೇಕು ಎಂದು ಅವನ ಕಟ್ಟಪ್ಪಣೆ. ಧಾನ್ಯದ ವ್ಯಾಪಾರಿಯನ್ನು ಹುಡುಕುವ ಕಷ್ಟವೇ ಇರಲಿಲ್ಲ. ಕಣಜ, ಎತ್ತು, ಮನೆ, ಹೊಟ್ಟೆ ಎಲ್ಲ ಸೇರಿ ಅವನನ್ನು ಜಗಲಿಗೇ ಒತ್ತಿ ಕೂರಿಸಿದ್ದವು. ರೈತ ಹೊಲದಲ್ಲಿ ಸಿಗುತ್ತಿದ್ದ. ಸಿಗದವನು ಒಬ್ಬ ಕುರಿಗಾಹಿ. ಕಂಬಳಿ, ಕೋಲು, ಕುರಿ ಬಿಟ್ಟರೆ ಅವನಿಗೆ ಬೇರೇನೂ ಇರಲಿಲ್ಲ. ಅವನು ಓಡಿಹೋದವನೂ ಅಲ್ಲ. ಕೋಟೆಯ ಎದುರಿನ ಬಯಲಿನಲ್ಲೇ ಇದ್ದ.

ಒಂದು ದಿನ ಮಂದೆ ಕಂದಕದ ಹತ್ತಿರ ಬಂದಾಗ ದಳವಾಯಿ ಬುರುಜಿನ ಮೇಲಿಂದ ಕೂಗಿ ಕೇಳಿದ: "ನಿನ್ನ ಜಾಗ ಯಾವುದೋ?"

ಕುರಿಗಾಹಿ ಕೋಲೆತ್ತಿ, ಬಯಲಿನ ಈ ತುದಿಯಿಂದ ಆ ತುದಿಯವರೆಗೆ ಗೆರೆ ಎಳೆದಂತೆ ತೋರಿಸಿದ.

"ಅಷ್ಟೂ ನಿಮ್ಮಪ್ಪಂದೋ?"

"ಯಾರ ಅಪ್ಪಂದೂ ಅಲ್ಲ ಬುದ್ಧೀ. ಕುರಿ ಮೇಯೋಕೆ ಅಷ್ಟು ಬೇಕು. ಅದರೊಳಗೆ ಎಲ್ಲಿರ್ತೀಯ ಅಂತ ಮಾತ್ರ ಕೇಳಬೇಡಿ. ಹುಲ್ಲು ಕರೆದ ಕಡೆ ನಾನು. ಬೆಳಿಗ್ಗೆ ಎದ್ದಾಗ ನನಗೇ ಗೊತ್ತಿರಲ್ಲ."

"ಗೋಡೆಗೆ ಒತ್ತಿ ಒಂದು ದೊಡ್ಡಿ ಕಟ್ಟಿಸ್ತೀನಿ. ಅದರೊಳಗೆ ಬಿದ್ದಿರು."

"ದೊಡ್ಡೀಲಿ ಹುಲ್ಲು ಹುಟ್ಟಲ್ಲ. ಕುರಿ ಸತ್ತ ಮೇಲೆ ನಾನು ಕುರಿಗಾಹೀನೂ ಅಲ್ಲ. ಆಗ ನೀವು ಯಾರನ್ನ ಕೂಡಿಹಾಕಿದ ಹಾಗಾಯ್ತು? ಅಷ್ಟು ಇಕ್ಕಟ್ಟಲ್ಲಿ ನಾನು ಸಿಗೋನಲ್ಲ ಬುದ್ಧೀ."

ಹೀಗೆಂದವನು ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟೇಹೋದ.

ದಳವಾಯಿ ಕುದುರೆ ಸವಾರರನ್ನು ಅಟ್ಟಿದ. ಗೊರಸಿನ ಸದ್ದಿಗೆ ಕುರಿಗಳು ಬೆದರಿ ಚೆದುರಿದವು. ಅವುಗಳ ಹಿಂದೆ ಕುರಿಗಾಹಿಯೂ ದೂರವಾದ. ಆಗ ದಳವಾಯಿಗೆ ಉಪಾಯ ಹೊಳೆಯಿತು. ಸಿಪಾಯಿಗಳನ್ನು ಕುದುರೆಯಿಂದ ಇಳಿಸಿದ. ಕಂಬಳಿ ಹೊದಿಸಿದ, ಕೈಗೆ ಕೋಲು ಕೊಟ್ಟ, ಕುರಿ ಕರೆಯುವ ಕೂಗು ಕಲಿಸಿದ. ಬೆದರಿಸದೆ ಸುತ್ತಲೂ ನಿಂತು, ಕುರಿ ಮೇಯಿಸುತ್ತ ಮೇಯಿಸುತ್ತಲೇ ಸುತ್ತನ್ನು ಕಿರಿದು ಮಾಡಿ ಎಂದ.

ಸುತ್ತು ಕಿರಿದಾದಷ್ಟೂ ಕುರಿಗಳು ಒತ್ತಿಕೊಂಡು ಸಂದಿನಲ್ಲಿ ನುಸುಳತೊಡಗಿದವು. ಸಂದು ಮುಚ್ಚಲು ದಳವಾಯಿ ಮತ್ತಷ್ಟು ಜನರನ್ನು ಕಳಿಸಿದ. ಬಾಗಿಲ ಕಾವಲಿನವರು ಹೋದರು. ಅಡುಗೆಯವರು ಹೋದರು. ಕೊನೆಗೆ ಡಂಗುರದವನೂ ಕಂಬಳಿ ಹೊದ್ದು ಹೋದ. ಮಳೆಗಾಲ ಕಳೆದು ಚಳಿ ಬಂತು. ಅವರೆಲ್ಲ ಬಯಲಲ್ಲೇ ಉಂಡರು, ಬಯಲಲ್ಲೇ ಮಲಗಿದರು. ಕುರಿಗಳು ಅವರ ಕೂಗಿಗೂ ಬರತೊಡಗಿದವು. ಮರಿ ಹಾಕಿದವು, ಮಂದೆ ಹಿಗ್ಗಿತು.

ಸುತ್ತು ದೊಡ್ಡಿಯಷ್ಟಾಗಿರುವುದು ಒಂದು ದಿನ ಬುರುಜಿನ ಮೇಲಿಂದ ಕಂಡಿತು. ದಳವಾಯಿ ಒಬ್ಬನೇ ಹೋದ. ಜೊತೆಗೆ ಕರೆದೊಯ್ಯಲು ಕೋಟೆಯಲ್ಲಿ ಯಾರೂ ಉಳಿದಿರಲಿಲ್ಲ. ಅಲ್ಲಿ ನೋಡಿದರೆ ಕಂಬಳಿಗೆ ಕಂಬಳಿ ತಾಗಿಸಿ ನಿಂತ ಜನ. ಎಲ್ಲರದೂ ಬಿಸಿಲಿಗೆ ಸುಟ್ಟ ಮುಖ, ಎಲ್ಲರ ಮೈಯಲ್ಲೂ ಕುರಿಯ ವಾಸನೆ.

"ಯಾರೋ ಅವನು? ಎಳೆದು ತನ್ನಿ," ಎಂದ.

ಯಾರೂ ಅಲುಗಲಿಲ್ಲ. ದಳವಾಯಿ ತಾನೇ ಒಬ್ಬನ ಕಂಬಳಿ ಜಗ್ಗಿ, "ನಿನ್ನ ಜಾಗ ಯಾವುದೋ?" ಎಂದು ಕೇಳಿದ. ಆ ಮನುಷ್ಯ ಕೋಲೆತ್ತಿ, ಬಯಲಿನ ಈ ತುದಿಯಿಂದ ಆ ತುದಿಯವರೆಗೆ ತೋರಿಸಿದ. ಪಕ್ಕದವನನ್ನು ಕೇಳಿದ. ಅವನೂ ಹಾಗೆಯೇ ತೋರಿಸಿದ.

ಕಂಬಳಿಗಳ ನಡುವಿನಿಂದ ಒಂದು ದನಿ ಬಂತು: "ಒಬ್ಬನ್ನ ಹಿಡಿಯೋಕೆ ಹೋಗಿ ಬಯಲಿಗೆ ಇಷ್ಟು ಜನ ಕೊಟ್ಟಿರಿ ಬುದ್ಧೀ. ಚಳಿ ಜೋರಾಗಿದೆ, ನಿಮಗೂ ಒಂದು ಕಂಬಳಿ ಹೊದಿಸೋಣವೇ?"

ಯಾರ ದನಿ ಎಂದು ದಳವಾಯಿಗೆ ತಿಳಿಯಲಿಲ್ಲ. ನಕ್ಕವರು ಮಾತ್ರ ಎಲ್ಲರೂ. ಸುತ್ತು ತಾನಾಗಿ ಬಿಚ್ಚಿಕೊಂಡಿತು, ಮಂದೆ ಬಯಲ ತುಂಬ ಹರಡಿತು. ದೊಡ್ಡಿ ಕಟ್ಟಲು ಕೋಟೆಯಲ್ಲಿ ಆಳೇ ಇರಲಿಲ್ಲ.

ಗುರು ಕತೆ ನಿಲ್ಲಿಸಿದರು.

"ಆದರೂ ಅವನು ಆ ಗುಂಪಿನಲ್ಲೇ ಇದ್ದನಲ್ಲ," ಎಂದ ಶಿಷ್ಯ, ಹಟ ಬಿಡದೆ. "ದಳವಾಯಿಗೆ ಇನ್ನೊಂದಿಷ್ಟು ಬಲ ಇದ್ದಿದ್ದರೆ..."

ಗುರು ಸ್ಲೇಟಿನ ಮೇಲಿದ್ದ ಆ ಉದ್ದದ ಮೇಲೆ ಬೆರಳಿಟ್ಟರು. "ಇದಕ್ಕಿಂತ ಇಕ್ಕಟ್ಟಿಗೆ ಒತ್ತಿ ನೋಡು ಮಗೂ, ನೀನು ಹಾಕಿದ ಬಲವೇ ಇನ್ನೊಂದು ಎಲೆಕ್ಟ್ರಾನಾಗಿ ಹುಟ್ಟಿ, ಕಂಬಳಿ ಹೊದ್ದು ಅದರ ಪಕ್ಕ ನಿಲ್ಲುತ್ತದೆ."

ಶಿಷ್ಯ ಕೂತುಕೊಂಡ.