ತೊಳೆದ ಕೊಟ್ಟಿಗೆ

ಹೊಳೆದಂಡೆಯ ಮಠದಲ್ಲಿ ಎಂಟು ಹಸುಗಳಿದ್ದವು. ಅವನ್ನು ನೋಡಿಕೊಳ್ಳುತ್ತಿದ್ದ ಶಿಷ್ಯ ಶಂಭುಲಿಂಗನಿಗೆ ಶುಚಿಯ ಹುಚ್ಚು. ದಿನಕ್ಕೆ ಮೂರು ಸಲ ನೀರು ಹುಯ್ದು ಕೊಟ್ಟಿಗೆ ತೊಳೆಯುತ್ತಿದ್ದ. ಗಂಜಲ, ಸಗಣಿಯ ರಾಡಿ ಎಲ್ಲ ಚರಂಡಿ ಹಿಡಿದು ಇಳಿಜಾರಿಗೆ ಹೋಗುತ್ತಿತ್ತು. ಅಲ್ಲಿ ಐದು ಮನೆಯವರು ನೀರು ಸೇದುವ ಬಾವಿ ಇತ್ತು.

ಬಂದವರು ನೆಲ ನೋಡಿ ಹೊಗಳುತ್ತಿದ್ದರು, ಅವನು ಉಬ್ಬುತ್ತಿದ್ದ. ಹೊಗಳಿಕೆಗೆ ಉಬ್ಬದ ಶಿಷ್ಯನನ್ನು ನಾನಂತೂ ಕಂಡಿಲ್ಲ.

ಒಂದು ಬೆಳಿಗ್ಗೆ ಬಾವಿ ಪಕ್ಕದ ಮನೆಯ ಸಿದ್ದಾಜಮ್ಮ ಮಠದ ಅಂಗಳಕ್ಕೆ ಬಂದಳು. ಜಗುಲಿಯಲ್ಲಿ ಕೂತಿದ್ದ ಗುರುಗಳಿಗೆ ಕೈ ಮುಗಿಯಲಿಲ್ಲ.

"ನಮ್ಮ ಮೊಮ್ಮಗಳ ತುಟಿ ನೀಲಿ ತಿರುಗ್ತು ಬುದ್ಧಿ. ಮೂರು ತಿಂಗಳ ಕೂಸು, ಆಸ್ಪತ್ರೇಲದೆ. ಹಾಲಿನ ಪುಡಿಗೆ ಬಾವಿ ನೀರು ಬೆರೆಸಿ ಕುಡಿಸ್ತಿದ್ದೊ. ಆ ನೀರ್ಗೆ ದನದ ಗಂಜಲ ಇಳ್ದದೆ ಅಂತ ಡಾಕ್ಟ್ರು ಹೇಳವ್ರೆ."

ಶಂಭುಲಿಂಗ ಮುಂದೆ ಬಂದ. "ನಮ್ಮಿಂದ ಹೇಗಾಗುತ್ತಮ್ಮ? ನೀರು ಕೆಡಿಸೋದು ಯೂರಿಯಾ ಗೊಬ್ಬರ, ಹತ್ತು ವರ್ಷದಿಂದ ಈ ಮಠಕ್ಕೆ ಅದು ಒಂದು ಚೀಲವೂ ಬಂದಿಲ್ಲ. ಗೋವಿನದು ಯಾರಿಗೂ ಕೆಡುಕು ಮಾಡಲ್ಲ."

"ನಮ್ಮ ಹೊಲದ ಹುಲ್ಲು ಯಾಕೆ ಹಳದಿಯಾಗಿದೆ?" ಎಂದು ಗುರುಗಳು ಅವನನ್ನು ಕೇಳಿದರು.

"ಗೊಬ್ಬರ ಸಾಲದು ಬುದ್ಧಿ. ಇನ್ನೆರಡು ಹಸು ಬೇಕು."

"ಆಗಲಿ. ಬಾಯಾರಿದೆ, ಬಾವಿಯಿಂದ ಒಂದು ಚೊಂಬು ನೀರು ತಾ."

ಶಂಭುಲಿಂಗ ಚೊಂಬು ಹಿಡಿದು ಗುಡ್ಡದ ಬುಗ್ಗೆಯ ದಾರಿಗೆ ತಿರುಗಿದ.

"ಬಾವಿ ಇರುವುದು ಕೆಳಗೆ," ಎಂದರು ಗುರುಗಳು.

ಅವನು ನಿಂತುಬಿಟ್ಟ.

"ಎಷ್ಟು ದಿನದಿಂದ ನನಗೆ ಬುಗ್ಗೆ ನೀರು?"

"ಎರಡು ತಿಂಗಳಾಯಿತು ಬುದ್ಧಿ. ಬಾವಿ ನೀರಿಗೆ ವಾಸನೆ ಹತ್ತಿತ್ತು."

"ಇವರಿಗೆ ಹೇಳಿದೆಯಾ?"

ಶಂಭುಲಿಂಗ ಸಿದ್ದಾಜಮ್ಮನತ್ತ ನೋಡದೆ ಚೊಂಬು ಕೆಳಗಿಟ್ಟ. ಅವನಿಗೆ ನಾಚಿಕೆಗಿಂತ ಹೆಚ್ಚಾಗಿ ಭಯ. ಕೂಸಿಗೆ ಏನಾದರೂ ಆಗಿಬಿಟ್ಟರೆ?

ಸಿದ್ದಾಜಮ್ಮ ಅವನ ಮುಖ ನೋಡಿದಳು. "ಉಳ್ಕೊಳ್ತದಂತೆ. ನಿನ್ ಪುಣ್ಯದಿಂದಲ್ಲ."

ಗುರುಗಳು ಗುದ್ದಲಿ ತೆಗೆದುಕೊಂಡು ಕೊಟ್ಟಿಗೆಗೆ ನಡೆದರು. ಎಪ್ಪತ್ತೈದರ ಮುದುಕ, ಏದುಸಿರು ಬಿಡುತ್ತ ಚರಂಡಿಯ ಬಾಯಿಗೆ ಮಣ್ಣೆಳೆದು ಮುಚ್ಚಿದರು.

"ಹೊಲದ ಹುಲ್ಲಿಗೆ ಸಿಗಬೇಕಾದ ತುತ್ತು ಈ ದಾರಿಯಲ್ಲಿ ಹೋಯಿತು," ಎಂದರು.

ಆಮೇಲೆ ಬಣವೆಯಿಂದ ಒಣಹುಲ್ಲು ತಂದು ನೆಲದ ಮೇಲೆ ಗೇಣು ಮಂದ ಹರಡಿದರು. ಹಸುವೊಂದು ಅದರ ಮೇಲೆ ಗಂಜಲ ಹುಯ್ದಿತು. ಹುಲ್ಲು ಅಷ್ಟನ್ನೂ ಹೀರಿಕೊಂಡಿತು.

"ಇದನ್ನು ನಾಳೆ ಗುಂಡಿಗೆ ಹಾಕಿ ಮಣ್ಣು ಮುಚ್ಚು. ಮಾಗಿದ ಮೇಲೆ ಹುಲ್ಲಿನ ಹೊಲಕ್ಕೆ ಹಾಕು. ಬಾವಿ ಸರಿಹೋಗುವ ತನಕ ಕೆಳಗಿನ ಐದೂ ಮನೆಗೆ ಬುಗ್ಗೆ ನೀರು ಹೊತ್ತು ಕೊಡು."

"ಕೊಡ್ತೀನಿ ಬುದ್ಧಿ." ಶಂಭುಲಿಂಗ ನೆಲ ನೋಡಿದ. ಅಷ್ಟೆಲ್ಲ ಆದ ಮೇಲೂ ಅವನ ಮನಸ್ಸು ತಡೆಯಲಿಲ್ಲ. "ಆದರೆ ನಾಳೆ ಬಂದವರು ಈ ಕೊಟ್ಟಿಗೆ ನೋಡಿ ಹೊಲಸು ಅನ್ನುತ್ತಾರಲ್ಲ?"

"ಅನ್ನಲಿ. ನಮ್ಮ ಹೊಲಸು ನಮ್ಮ ಮನೆಯಲ್ಲೇ ಇರಲಿ."