ಬ್ಯಾಟರಿ ಉಳಿಸಿದ ದಾಮು

ಜಟ್ಟಮ್ಮನಿಗೆ ಇದ್ದದ್ದು ಒಬ್ಬನೇ ಮಗ, ಅವನೂ ಪೆದ್ದ. ಹೆಸರು ದಾಮು. ಅವಳ ಕೆಲಸ ಗುಡ್ಡದ ಮೇಲಿನ ರೇಡಿಯೋ ಕೋಣೆ ನೋಡಿಕೊಳ್ಳುವುದು. ಕಡಲಿಗೆ ಹೋದ ದೋಣಿಯವರ ಮಾತು ಊರಿಗೆ ಕೇಳುವುದು ಆ ಕೋಣೆಯಿಂದಲೇ. ಕರೆಂಟು ಹೋದರೆ ಬ್ಯಾಟರಿಯೇ ಗತಿ. ಜಟ್ಟಮ್ಮನ ಮಂಡಿ ಹಿಡಿದುಕೊಂಡಿತು. ಏನು ಮಾಡುತ್ತಾಳೆ? ದಾಮುವನ್ನೇ ಕಳಿಸಿದಳು.

"ಬ್ಯಾಟರಿಗೆ ನೀರು ಕಮ್ಮಿಯಾಗಿದೆ, ಹಾಕಿ ಬಾ ಮಗಾ."

ಹೋದ. ಒಂದು ಕೊಡ ನೀರು ತಂದು ಬ್ಯಾಟರಿಯ ನೆತ್ತಿಗೇ ಸುರಿದ. ಚಟ್ ಅಂತು, ಪಟ್ ಅಂತು, ಹೊಗೆ ಬಂತು!

"ಅಯ್ಯೋ ನನ್ನ ಕರ್ಮವೇ! ಅದಕ್ಕೆ ಸ್ನಾನ ಮಾಡಿಸ್ತೀಯಾ? ನೀರು ಹಾಕೋದು ಒಳಗೆ! ಮೇಲೆ ಒಂದು ಹನಿ ಬೀಳಬಾರದು, ಚೆನ್ನಾಗಿ ಹೊದೆಸಿಡಬೇಕು!"

"ಆಯ್ತಮ್ಮಾ, ಹೊದೆಸ್ತೇನೆ."

ಇನ್ನೊಂದು ಸಲ ಸೋಲಾರ್ ಹಲಗೆ ನೋಡಿ ಬರಲು ಕಳಿಸಿದಳು. ಹೋದ. ಮೋಡ ಕಂಡ. ಕಂಬಳಿ ತಂದು ಹಲಗೆಗೆ ಹೊದೆಸಿದ, ಹಾರಿಹೋಗದ ಹಾಗೆ ಕಲ್ಲೂ ಇಟ್ಟ. ಬ್ಯಾಟರಿ ಬರಿದಾಯಿತು, ಕರೆಂಟು ಹೋದದ್ದೇ ರೇಡಿಯೋ ಮೂಕವಾಯಿತು.

"ಹಲಗೆಗೆ ಚಳಿಯಾಗ್ತಿತ್ತೇನೋ? ಬಿಸಿಲು ಬಿದ್ದರೇ ಬ್ಯಾಟರಿ ತುಂಬೋದು! ಬಿಸಿಲು ಬೇಕು, ಬಿಸಿಲು!"

"ಆಯ್ತಮ್ಮಾ, ಬಿಸಿಲಿಗಿಡ್ತೇನೆ."

ಇಟ್ಟ! ತಂತಿ ಕಿತ್ತು, ಬ್ಯಾಟರಿಗಳನ್ನು ಹೊತ್ತು, ಹಾಸುಗಲ್ಲಿನ ಮೇಲೆ ಹಪ್ಪಳದ ಹಾಗೆ ಸಾಲಾಗಿಟ್ಟು ಕಾಗೆ ಓಡಿಸುತ್ತಾ ಕೂತ.

ಜಟ್ಟಮ್ಮ ಕುಂಟುತ್ತಾ ಹತ್ತಿ ತಾನೇ ತಂತಿ ಸಿಕ್ಕಿಸಿದಳು. "ನಿನ್ನನ್ನು ಹೆತ್ತೆನಲ್ಲೋ! ಬ್ಯಾಟರಿ ಕಾಯೋದು ಅಂದರೆ ಉಳಿಸೋದು! ಸುಮ್ಮನೆ ಖರ್ಚು ಮಾಡಬಾರದು!"

"ಆಯ್ತಮ್ಮಾ, ಉಳಿಸ್ತೇನೆ."

ಆ ವಾರವೇ ಬಿರುಗಾಳಿ ಎದ್ದಿತು. ಮಧ್ಯಾಹ್ನವೇ ಕರೆಂಟು ಹೋಯಿತು. ಮೂರು ದೋಣಿ ಕಡಲಲ್ಲಿದ್ದವು. ಒಂದು ಜಟ್ಟಮ್ಮನ ತಮ್ಮ ಕುಪ್ಪಯ್ಯನದು. ಗುಡ್ಡದ ಕೋಣೆ ಕಾಯುತ್ತಿದ್ದ ದಾಮುವಿನಿಂದ ದೋಣಿಗಳ ಸುದ್ದಿಯೇ ಇಲ್ಲ. ಬಿದ್ದೆದ್ದು ಗುಡ್ಡ ಹತ್ತಿದಳು. ದಾಮು ರೇಡಿಯೋ ಆರಿಸಿ ಬ್ಯಾಟರಿ ತಬ್ಬಿಕೊಂಡು ಕೂತಿದ್ದ.

"ಅಮ್ಮಾ, ಒಂದು ಚೂರೂ ಖರ್ಚಾಗಿಲ್ಲ! ಮಾವ ಸುಮ್ಮನೆ ಕೂಗ್ತಾ ಇದ್ದ, ಬಾಯಿ ಮುಚ್ಚಿಸಿದೆ!"

ಜಟ್ಟಮ್ಮ ಅವನನ್ನು ಪಕ್ಕಕ್ಕೆ ತಳ್ಳಿ ರೇಡಿಯೋ ಹಚ್ಚಿದಳು. ಗುಂಡಿ ಒತ್ತಿ ಕೂಗಿದಳು, ಕೂಗಿದಳು, ಕೂಗಿದಳು. ಎರಡು ದೋಣಿ ಓಗೊಟ್ಟವು, ದಡ ಸೇರಿದವು. ಕುಪ್ಪಯ್ಯನ ದನಿಯಿಲ್ಲ. ಸಂಜೆಗೆ ಗಾಳಿ ನಿಂತಿತು. ಅವಳ ಗಂಟಲೂ ಕಟ್ಟಿತು.

"ನೀನಾದರೂ ಕೂಗೋ ಮಗಾ. ಉತ್ತರ ಬರೋ ತನಕ ಕೂಗು."

"ಆಯ್ತಮ್ಮಾ, ಕೂಗ್ತೇನೆ."

ರೇಡಿಯೋ ಬಿಟ್ಟು ಹೊರಗೋಡಿದ. ಬಂಡೆ ಹತ್ತಿ ನಿಂತು ಒಂದೇ ಸಮನೆ ಅರಚಿದ: "ಮಾವಾ! ಎಲ್ಲಿದ್ದೀಯಾ?" ಎದುರು ಗುಡ್ಡ ಅದನ್ನೇ ತಿರುಗಿಸಿ ಕೂಗಿತು.

ಕುಣಿಯುತ್ತಾ ಬಂದ. "ಅಮ್ಮಾ, ಉತ್ತರ ಬಂತು! ಉತ್ತರ ಬಂತು!"

ಜಟ್ಟಮ್ಮ ಗೋಡೆ ಹಿಡಿದು ಎದ್ದಳು. "ಏನಂದ? ಏನಂದ ಮಗಾ?"

"ಎಲ್ಲಿದ್ದೀಯಾ ಅಂತ ನನ್ನನ್ನೇ ಕೇಳ್ತಿದ್ದಾನೆ!"